ತಮ್ಮನ ಜಿಪಿಎ ನನ್ನ ಕೈಯಲ್ಲಿದೆ. ಅವನ ಸೈಟನ್ನು ನಾನೇ ಕೊಳ್ಳಬಹುದೇ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರ, ವಯಸ್ಸು 58. ತಮ್ಮ ನ್ಯೂಜೆರ್ಸಿಯಲ್ಲಿದ್ದಾನೆ. 2016ರಲ್ಲಿ ನ್ಯೂಯಾರ್ಕಿನ ಭಾರತೀಯ ಕಾನ್ಸುಲೇಟಿನಲ್ಲಿ ಸಹಿ ಹಾಕಿ ನನ್ನ ಹೆಸರಿಗೆ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ, ಸಾಮಾನ್ಯ ಅಧಿಕಾರ ಪತ್ರ) ಕಳಿಸಿದ. ಶಿವಮೊಗ್ಗದಲ್ಲಿ ಅವನದೊಂದು ಮನೆ ಇದೆ, ಎರಡು ಪೋರ್ಷನ್ ಬಾಡಿಗೆಗೆ ಕೊಟ್ಟಿದೆ. ಮೈಸೂರಿನಲ್ಲಿ 30×40 ಸೈಟು. ಬಾಡಿಗೆ ವಸೂಲಿ, ರಿಪೇರಿ, ಕಂದಾಯ, ಬೇಕಾದರೆ ಸೈಟು ಮಾರಾಟ, ಎಲ್ಲದಕ್ಕೂ ಅದರಲ್ಲಿ ಅಧಿಕಾರವಿದೆ. ಇಷ್ಟು ವರ್ಷ ಒಂದು ರೂಪಾಯಿ ಸಂಬಳವಿಲ್ಲದೆ ನೋಡಿಕೊಂಡಿದ್ದೇನೆ. ಬಾಡಿಗೆ ನನ್ನ ಉಳಿತಾಯ ಖಾತೆಗೇ ಬರುತ್ತದೆ. ಒಮ್ಮೆ ಬಾಡಿಗೆದಾರರ ಅಡ್ವಾನ್ಸ್ 1.5 ಲಕ್ಷ ಮಗಳ ಮದುವೆಗೆ ಬಳಸಿದ್ದೆ, ಫಸಲಿನ ದುಡ್ಡು ಬಂದ ಮೇಲೆ ತುಂಬಿಸಿಟ್ಟೆ. ಈಗ ತಮ್ಮ ಇದ್ದಕ್ಕಿದ್ದಂತೆ 2016ರಿಂದ ಪೂರ್ತಿ ಲೆಕ್ಕ ಕೊಡು ಅನ್ನುತ್ತಿದ್ದಾನೆ. ಸುಣ್ಣಬಣ್ಣ, ಪ್ಲಂಬರ್ ಇವಕ್ಕೆಲ್ಲ ಬಿಲ್ಲು ಎಲ್ಲಿಂದ ತರಲಿ? ಮನೆಯವರ ಮಧ್ಯೆ ಲೆಕ್ಕ ಕೊಡಲೇಬೇಕೇ?

ಮೈಸೂರಿನ ಸೈಟನ್ನು ನಾನೇ ತಗೊಳ್ಳೋಣ ಅಂತ ಆಸೆ. ಫೋನಿನಲ್ಲಿ ಪ್ರಸ್ತಾಪ ಬಂದಾಗ ತಮ್ಮ ‘ನೀನೇ ನೋಡ್ಕೋ ಅಣ್ಣ’ ಅಂದಿದ್ದ. ಪತ್ರ ಬರೆಯುವವರೊಬ್ಬರು, ಜಿಪಿಎ ಇದೆಯಲ್ಲ, ಗೈಡೆನ್ಸ್ ವ್ಯಾಲ್ಯೂ ತೋರಿಸಿ ಹೆಂಡತಿ ಹೆಸರಿಗೆ ಕ್ರಯ ಮಾಡಿಬಿಡಿ ಎಂದರು. ಕಾಂಪೌಂಡ್ ಹಾಕಿಸಿದ್ದು ನಿಮ್ಮ ದುಡ್ಡಿನಲ್ಲಿ, ಹಾಗಾಗಿ ತಮ್ಮನಿಗೆ ಜಿಪಿಎ ರದ್ದು ಮಾಡಲೂ ಬರುವುದಿಲ್ಲ ಎಂದೂ ಹೇಳಿದರು. ನಿಜವೇ?

ಇನ್ನೊಂದು ವಿಷಯ. 82 ವರ್ಷದ ಅಮ್ಮ ನನ್ನ ಜೊತೆಗಿದ್ದಾರೆ. 2019ರಲ್ಲಿ ಅವರೂ ನನಗೆ ಜಿಪಿಎ ಬರೆದುಕೊಟ್ಟರು. ಎರಡು ವರ್ಷದಿಂದ ಮರೆವು, ಡಾಕ್ಟರು ಡಿಮೆನ್ಷಿಯಾ ಎಂದಿದ್ದಾರೆ. ಚಿಕಿತ್ಸೆಗೆ ಅವರ ಎಫ್‌ಡಿ ಮುರಿಸಬೇಕಾಗಿದೆ. ತಂಗಿ ಭದ್ರಾವತಿಯಲ್ಲಿದ್ದಾಳೆ. ಆ ಜಿಪಿಎಯಲ್ಲಿ ಸಹಿ ಹಾಕಿದರೆ ನಡೆಯುತ್ತದೆಯೇ?

ಉತ್ತರ: ನೀವು ಕೇಳಿದ್ದು ನಾಲ್ಕು ವಿಷಯ. ಪತ್ರ ಓದಿದಾಗ ಎದ್ದು ಕಾಣುವುದು ಮಾತ್ರ ಒಂದೇ ಬೇಸರ: ಇಷ್ಟು ವರ್ಷ ಓಡಾಡಿದ ಮೇಲೆ ಒಡಹುಟ್ಟಿದವನೇ ಲೆಕ್ಕ ಕೇಳಿದನಲ್ಲ ಎಂಬುದು. ಆ ಬೇಸರ ಸಹಜ. ಆದರೂ ಸುತ್ತಿಬಳಸದೆ ಹೇಳಿಬಿಡುತ್ತೇನೆ. ಲೆಕ್ಕ ಕೊಡಲೇಬೇಕು. ಸೈಟನ್ನು ಈಗಿರುವ ಜಿಪಿಎ ಬಳಸಿ ಹೆಂಡತಿ ಹೆಸರಿಗೆ ಮಾಡಿಕೊಳ್ಳಬೇಡಿ. ತಮ್ಮ ಮನಸ್ಸು ಮಾಡಿದರೆ ಜಿಪಿಎ ರದ್ದು ಮಾಡಬಹುದು. ಅಮ್ಮನ ಜಿಪಿಎ ಬಹುಶಃ ಈಗಾಗಲೇ ಜೀವ ಕಳೆದುಕೊಂಡಿದೆ. ಎಲ್ಲಕ್ಕಿಂತ ತುರ್ತಾದದ್ದು ಈ ಕೊನೆಯದು, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಜಿಪಿಎ ಎಂದರೆ ಕಾನೂನಿನ ಕಣ್ಣಿನಲ್ಲಿ ಒಬ್ಬರು ಇನ್ನೊಬ್ಬರನ್ನು ತಮ್ಮ ಏಜೆಂಟ್ ಆಗಿ ನೇಮಿಸುವುದು. ಇಬ್ಬರ ನಡುವಿನ ಹಕ್ಕುಬಾಧ್ಯತೆಗಳೆಲ್ಲ ಮುಖ್ಯವಾಗಿ 1872ರ ಭಾರತೀಯ ಕರಾರು ಕಾಯ್ದೆಯ 182ರಿಂದ 238ನೇ ಸೆಕ್ಷನ್‌ಗಳಲ್ಲಿವೆ. ಅದರ 201ನೇ ಸೆಕ್ಷನ್ ಪ್ರಕಾರ, ಅಧಿಕಾರ ಕೊಟ್ಟವರು ತೀರಿಕೊಂಡರೆ ಅಥವಾ ಅವರ ಬುದ್ಧಿ ಸ್ವಾಧೀನ ತಪ್ಪಿದರೆ ಏಜೆಂಟನ ಅಧಿಕಾರ ಮುಗಿಯುತ್ತದೆ. ಯಾವ ಕಾಲಕ್ಕೆ ಆಸರೆಯಾಗಲಿ ಎಂದು ವಯಸ್ಸಾದವರು ಜಿಪಿಎ ಬರೆದುಕೊಡುತ್ತಾರೋ, ಆ ಕಾಲ ಬಂದಾಗಲೇ ಅದು ಕೈಕೊಡುತ್ತದೆ. ವಿಚಿತ್ರ, ಆದರೆ ನಮ್ಮಲ್ಲಿ ಕಾನೂನು ಇರುವುದೇ ಹೀಗೆ. ನಿಮ್ಮ ತಮ್ಮನಿಗೆ ಇದು ನಂಬಲು ಕಷ್ಟವಾಗಬಹುದು. ಅಮೆರಿಕದಲ್ಲಿ ಬುದ್ಧಿ ಮಂಕಾದ ಮೇಲೂ ನಡೆಯುವಂಥ ‘ಡ್ಯೂರಬಲ್’ ಅಧಿಕಾರ ಪತ್ರ ಮಾಡಿಸಬಹುದು, ಇಂಗ್ಲೆಂಡಿನಲ್ಲಿ 2005ರ ಕಾಯ್ದೆಯಡಿ ಅಂಥದ್ದೇ ವ್ಯವಸ್ಥೆ ಇದೆ. ಆ ಮಾದರಿ ನೋಡಿ ನಮ್ಮಲ್ಲೂ ಕೆಲವರು ‘ನನ್ನ ಬುದ್ಧಿ ಸ್ವಾಧೀನ ತಪ್ಪಿದರೂ ಈ ಪತ್ರ ಊರ್ಜಿತ’ ಎಂದು ಒಂದು ಸಾಲು ಸೇರಿಸುತ್ತಾರೆ. ಆ ಸಾಲನ್ನು ಹಿಡಿದು 201ನೇ ಸೆಕ್ಷನ್ ದಾಟಲು ಬರುವುದಿಲ್ಲ.

ಹಾಗೆಂದು ಡಾಕ್ಟರು ಚೀಟಿಯಲ್ಲಿ ಡಿಮೆನ್ಷಿಯಾ ಎಂದು ಬರೆದ ದಿನವೇ ಎಲ್ಲ ಮುಗಿಯಿತು ಎಂದೂ ತಿಳಿಯಬೇಡಿ. 12ನೇ ಸೆಕ್ಷನ್ ನೋಡುವುದು ರೋಗದ ಹೆಸರನ್ನಲ್ಲ. ತಾನು ಏನು ಮಾಡುತ್ತಿದ್ದೇನೆ, ಅದರಿಂದ ತನಗೆ ಒಳಿತೋ ಕೆಡುಕೋ ಎಂದು ಆ ಹೊತ್ತಿನಲ್ಲಿ ಯೋಚಿಸಿ ತೀರ್ಮಾನಿಸುವ ಶಕ್ತಿ ಇದೆಯೇ ಎಂಬುದನ್ನು. ಆರಂಭದ ಹಂತದಲ್ಲಿ ಬೆಳಗಿನ ಹೊತ್ತು ಅಚ್ಚುಕಟ್ಟಾಗಿ ಮಾತಾಡಿ, ಸಂಜೆಗೆ ಗೊಂದಲಕ್ಕೆ ಬೀಳುವವರು ಬಹಳ ಮಂದಿ. ಅಮ್ಮ ಈಗ ಯಾವ ಹಂತದಲ್ಲಿದ್ದಾರೆ? ನಿಮ್ಮ ಪತ್ರದಿಂದ ಅದು ತಿಳಿಯುವುದಿಲ್ಲ. ನರರೋಗ ಅಥವಾ ಮನೋರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗಿ, ‘ಹಣಕಾಸಿನ ನಿರ್ಧಾರ ಅರ್ಥವಾಗುತ್ತದೆಯೇ’ ಎಂಬ ಪ್ರಶ್ನೆಗೇ ಉತ್ತರ ಇರುವಂತೆ ಲಿಖಿತ ಅಭಿಪ್ರಾಯ ಪಡೆಯಿರಿ.

ಅರ್ಥವಾಗುತ್ತದೆ ಎಂದಾದರೆ ದಾರಿ ಸುಲಭ. ಜಿಪಿಎ ಪಕ್ಕಕ್ಕಿಟ್ಟು ಅಮ್ಮನ ಕೈಯಲ್ಲೇ ಎಫ್‌ಡಿ ಕೆಲಸ ಮಾಡಿಸಿ. 70 ದಾಟಿದವರಿಗೆ ಮನೆಬಾಗಿಲಲ್ಲೇ ಮೂಲ ಬ್ಯಾಂಕಿಂಗ್ ಸೇವೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಸೂಚಿಸಿದೆ. ಮ್ಯಾನೇಜರ್ ಮನೆಗೆ ಬಂದು ಅಮ್ಮನ ಜೊತೆ ಮಾತಾಡಲಿ, ಅವರೆದುರೇ ಸಹಿಯೋ ಹೆಬ್ಬೆಟ್ಟೋ ಆಗಲಿ. ನಾಳೆ ಯಾರು ಪ್ರಶ್ನಿಸಿದರೂ ಅಮ್ಮ ಒಪ್ಪಿ ಮಾಡಿದ್ದಕ್ಕೆ ಬ್ಯಾಂಕಿನವರೇ ಸಾಕ್ಷಿ.

ಅರ್ಥವಾಗುವುದಿಲ್ಲ ಎಂದಾದರೆ 2019ರ ಪತ್ರದ ಮೇಲೆ ಇನ್ನೊಂದು ಸಹಿಯನ್ನೂ ಹಾಕಬೇಡಿ. ಬ್ಯಾಂಕಿಗೆ ವಿಷಯ ಗೊತ್ತಿಲ್ಲದೆ ಹಣ ಬಿಡುಗಡೆಯಾಗಿಬಿಡಬಹುದು. ಆದರೆ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದವರು ನೀವೇ, ‘ನನಗೆ ಗೊತ್ತಿರಲಿಲ್ಲ’ ಎನ್ನುವ ಮಾತು ನಿಮಗೆ ಉಳಿಯುವುದಿಲ್ಲ. ಸರಿಯಾದ ದಾರಿ, ಅಮ್ಮನ ಆಸ್ತಿಗೆ ಪಾಲಕರನ್ನು ನೇಮಿಸಿ ಎಂದು ಹೈಕೋರ್ಟಿಗೆ ಹೋಗುವುದು. ಹಿಂದೆ 1987ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಜಿಲ್ಲಾ ನ್ಯಾಯಾಲಯವೇ ಈ ನೇಮಕ ಮಾಡುತ್ತಿತ್ತು. ಅದರ ಜಾಗಕ್ಕೆ ಬಂದ 2017ರ ಕಾಯ್ದೆಯಲ್ಲಿ ಚಿಕಿತ್ಸೆಯ ವಿಷಯಕ್ಕೆ ಪ್ರತಿನಿಧಿಯನ್ನು ಹೆಸರಿಸಲು ಅವಕಾಶವಿದೆಯೇ ಹೊರತು ಆಸ್ತಿ ನೋಡಿಕೊಳ್ಳುವ ಅಧ್ಯಾಯವೇ ಇಲ್ಲ. ಈ ಕೊರತೆ ತುಂಬಲು ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವ ರೂಢಿ ಬೆಳೆದಿದೆ. 2019ರಲ್ಲಿ ಕೇರಳ ಹೈಕೋರ್ಟ್, ಪ್ರಜ್ಞೆ ಕಳೆದುಕೊಂಡ ರೋಗಿಯೊಬ್ಬರ ವಿಷಯದಲ್ಲಿ ಇಂಥ ನೇಮಕಕ್ಕೆ ವಿವರವಾದ ಮಾರ್ಗಸೂಚಿ ಹಾಕಿಕೊಟ್ಟಿತು. ಬೇರೆ ಹೈಕೋರ್ಟುಗಳೂ ಹೀಗೆ ಪಾಲಕರನ್ನು ನೇಮಿಸಿವೆ. ಖರ್ಚಿದೆ, ತಿಂಗಳುಗಳು ಹಿಡಿಯುತ್ತವೆ. ಆಮೇಲೆ ನ್ಯಾಯಾಲಯಕ್ಕೆ ಲೆಕ್ಕವನ್ನೂ ಒಪ್ಪಿಸುತ್ತಿರಬೇಕಾಗಬಹುದು. ಅಲ್ಲಿಯವರೆಗಿನ ಔಷಧಿ, ನೋಡಿಕೊಳ್ಳುವವರ ಸಂಬಳವನ್ನು ನಿಮ್ಮ ಕೈಯಿಂದ ಹಾಕಿ, ಬಿಲ್ಲು ಜೋಡಿಸಿಡಿ. ಒಪ್ಪಂದ ಮಾಡಿಕೊಳ್ಳುವ ಶಕ್ತಿ ಇಲ್ಲದವರಿಗೆ ಒದಗಿಸಿದ ಅಗತ್ಯಗಳ ಖರ್ಚನ್ನು ಅವರ ಆಸ್ತಿಯಿಂದ ವಾಪಸು ಪಡೆಯಲು ಅದೇ ಕರಾರು ಕಾಯ್ದೆಯ 68ನೇ ಸೆಕ್ಷನ್ ಅವಕಾಶ ಕೊಡುತ್ತದೆ.

ಇಲ್ಲೊಂದು ಮಾತು. ನಿಮ್ಮ ಇಡೀ ಪತ್ರದಲ್ಲಿ ತಂಗಿಯ ಪ್ರಸ್ತಾಪ ಒಂದೇ ವಾಕ್ಯದಲ್ಲಿ ಬಂದು ಹೋಗುತ್ತದೆ. ಅಮ್ಮ ವಿಲ್ ಮಾಡದಿದ್ದರೆ, ಅವರ ಕಾಲಾನಂತರ ಅವರ ಹಣದಲ್ಲಿ ನಿಮಗೂ ತಮ್ಮನಿಗೂ ಇರುವಷ್ಟೇ ಪಾಲು ತಂಗಿಗೂ ಇದೆ. ಅಮೆರಿಕದ ತಮ್ಮ ಇಂದು ಕೇಳಿದ ಲೆಕ್ಕವನ್ನು ಭದ್ರಾವತಿಯ ತಂಗಿ ನಾಳೆ ಕೇಳಬಹುದು. ನಮ್ಮ ಕಚೇರಿಗೆ ಬರುವ ಇಂಥ ವ್ಯಾಜ್ಯಗಳಲ್ಲಿ ಫಿರ್ಯಾದಿ ಹೆಚ್ಚಾಗಿ ‘ಅವಳೇನೂ ಕೇಳಲ್ಲ’ ಎಂದು ಎಲ್ಲರೂ ನಂಬಿದ್ದ ಹೆಣ್ಣುಮಗಳೇ ಆಗಿರುತ್ತಾಳೆ. ಎಫ್‌ಡಿ ವಿಷಯವನ್ನು ಮೊದಲು ಅವಳಿಗೆ ತಿಳಿಸಿ. ಹೈಕೋರ್ಟಿಗೆ ಹೋಗುವುದಾದರೆ ತಮ್ಮ, ತಂಗಿ ಇಬ್ಬರ ಲಿಖಿತ ಒಪ್ಪಿಗೆ ಇದ್ದಷ್ಟೂ ಕೆಲಸ ಹಗುರ. ಅಮ್ಮನ ಜೊತೆ ನಿಮ್ಮ ಜಂಟಿ ಖಾತೆ ಇದ್ದರೂ ನೆನಪಿಡಿ: ‘ಈದರ್ ಆರ್ ಸರ್ವೈವರ್’ ಎಂದರೆ ಹಣ ತೆಗೆಯುವ ಅನುಕೂಲ ಅಷ್ಟೇ, ಹಣ ನಿಮ್ಮದಾಯಿತು ಎಂದಲ್ಲ.

ಇನ್ನು ತಮ್ಮನ ಲೆಕ್ಕ. ಸಂಬಳ ತಗೊಂಡಿಲ್ಲ, ಹಾಗಾಗಿ ಲೆಕ್ಕ ಕೊಡಬೇಕಾಗಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿ. ಏಜೆಂಟ್ ಆಗಲು ಪ್ರತಿಫಲ ಬೇಕಿಲ್ಲ ಎಂದು 185ನೇ ಸೆಕ್ಷನ್ ಹೇಳುತ್ತದೆ. ಪುಕ್ಕಟೆ ದುಡಿದರೂ ನೀವು ಏಜೆಂಟರೇ. ಕೇಳಿದಾಗ ಸರಿಯಾದ ಲೆಕ್ಕ ಒಪ್ಪಿಸಬೇಕು ಎನ್ನುವ 213ನೇ ಸೆಕ್ಷನ್ ಅಣ್ಣ, ಮಾವ, ಬಾಡಿಗೆ ಏಜೆಂಟ್ ಎಂದು ಭೇದ ಮಾಡುವುದಿಲ್ಲ. ಬಂದ ಹಣದಲ್ಲಿ ನ್ಯಾಯವಾದ ಖರ್ಚು ಕಳೆದು ಉಳಿದದ್ದನ್ನು ಕೊಡಬೇಕು ಎಂದು 218 ಹೇಳುತ್ತದೆ.

ನಿಮ್ಮ ಪರವಾಗಿಯೂ ಕಾನೂನಿದೆ, ಅದನ್ನು ಯಾರೂ ಹೇಳಿರಲಾರರು. ಮನೆಗಾಗಿ ನೀವು ಕೈಯಿಂದ ಹಾಕಿದ ದುಡ್ಡನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳುವ ಹಕ್ಕನ್ನು 217 ಕೊಡುತ್ತದೆ. ತಮ್ಮ ಒಪ್ಪಿಸಿದ ಕೆಲಸ ಮಾಡುವಾಗ ಆದ ನಷ್ಟವನ್ನು ಅವನೇ ಭರಿಸಬೇಕು ಎಂದು 222 ಹೇಳುತ್ತದೆ. ಕಂದಾಯ, ರಿಪೇರಿ, ಶಿವಮೊಗ್ಗ, ಮೈಸೂರಿಗೆ ಹೋಗಿಬಂದ ಖರ್ಚು, ಆ ಕಾಂಪೌಂಡ್ ಗೋಡೆ ಎಲ್ಲವನ್ನೂ ಸಂಕೋಚವಿಲ್ಲದೆ ಬರೆಯಿರಿ. ಸಂಬಳವನ್ನು ಮಾತ್ರ ಹಿಂದಿನ ದಿನಾಂಕದಿಂದ ಸೇರಿಸಲು ಬರುವುದಿಲ್ಲ, ಅದಕ್ಕೆ ಮೊದಲೇ ಮಾತಾಗಿರಬೇಕಿತ್ತು.

ಬಿಲ್ಲಿಲ್ಲದ ಖರ್ಚಿಗೆ ಏನು ಮಾಡುವುದು? ಮೊದಲು ನಿಮ್ಮ ಬ್ಯಾಂಕಿನಿಂದ 2016ರಿಂದಿನ ಸ್ಟೇಟ್‌ಮೆಂಟ್ ತೆಗೆಸಿ. ಬಾಡಿಗೆ ಬಂದ ದಿನಗಳು ಅಲ್ಲೇ ಇವೆ. ಕಂದಾಯದ ರಸೀದಿ, ಕರೆಂಟು ಬಿಲ್ಲು, ಬಾಡಿಗೆ ಕರಾರುಪತ್ರಗಳನ್ನು ಅದಕ್ಕೆ ತಾಳೆ ಹಾಕಿ. ಹಳೆಯ ವಾಟ್ಸಾಪ್ ಸಂದೇಶಗಳನ್ನು ಮರೆಯಬೇಡಿ, ‘ಪೇಂಟಿಂಗ್ ಮುಗೀತು, ಇಷ್ಟಾಯ್ತು’ ಎಂದು ಆಗ ಕಳಿಸಿದ ಒಂದು ಸಾಲು ಇವತ್ತಿನ ಬಿಲ್ಲಿಗಿಂತ ಹೆಚ್ಚು ಬಾಳುತ್ತದೆ. ಯಾವ ದಾಖಲೆಯೂ ಇಲ್ಲದ ಕಡೆ ‘ಬಿಲ್ಲಿಲ್ಲ, ಅಂದಾಜು’ ಎಂದೇ ಬರೆಯಿರಿ. ಪರಿಚಯದ ಅಂಗಡಿಯಿಂದ ಹಳೇ ದಿನಾಂಕದ ಬಿಲ್ಲು ಹೊಸದಾಗಿ ಬರೆಸಿಕೊಂಡು ಬರುವವರಿದ್ದಾರೆ. ಅಂಥ ಒಂದೇ ಒಂದು ಬಿಲ್ಲು ಸಿಕ್ಕಿಬಿದ್ದರೆ ಉಳಿದ ಸಾಚಾ ಲೆಕ್ಕವನ್ನೂ ಯಾರೂ ನಂಬುವುದಿಲ್ಲ. ಬಿಲ್ಲಿಲ್ಲದ ಪ್ರಾಮಾಣಿಕ ಅಂದಾಜನ್ನು ನ್ಯಾಯಾಲಯ ತಲೆದೂಗಿ ಒಪ್ಪಿಬಿಡುತ್ತದೆ ಎಂದು ಹೇಳಲಾರೆ. ಹಿಂದಿನ ಬಾಡಿಗೆ, ಮನೆಯ ಸ್ಥಿತಿ ನೋಡಿದರೆ ಇಷ್ಟು ಖರ್ಚು ಆಗಿರಬಹುದು ಎನ್ನುವಂತಿದ್ದರೆ ಅದಕ್ಕೂ ಒಂದು ತೂಕವಿದೆ.

ಹಳೇ ವರ್ಷಗಳ ಲೆಕ್ಕಕ್ಕೆ ಅವಧಿ ಮೀರಿದೆ ಎಂದೂ ಯಾರಾದರೂ ಧೈರ್ಯ ತುಂಬಬಹುದು. ನಂಬಬೇಡಿ. 1963ರ ಪರಿಮಿತಿ ಕಾಯ್ದೆಯಲ್ಲಿ ಏಜೆಂಟನ ಕೈಗೆ ಬಂದ ಹಣ ವಸೂಲಿಗೆ ಇರುವ ಮೂರು ವರ್ಷ ಲೆಕ್ಕಕ್ಕೆ ಬರುವುದು, ಲೆಕ್ಕ ಕೇಳಿ ನೀವು ಇಲ್ಲವೆಂದ ದಿನದಿಂದ. ಹಾಗೆ ಕೇಳದೇ ಇದ್ದರೆ ಜಿಪಿಎ ಮುಗಿದ ದಿನದಿಂದ. ನಿಮ್ಮ ಜಿಪಿಎ ಇನ್ನೂ ನಡೆಯುತ್ತಿದೆ. ಆದ್ದರಿಂದ 2016ರ ಮೊದಲ ಬಾಡಿಗೆಯ ಬಗ್ಗೆಯೂ ಅವನು ಇಂದು ಕೇಳಬಹುದು.

ಅಡ್ವಾನ್ಸ್ ಹಣದ ವಿಷಯ ನೀವೇ ಬರೆದಿದ್ದೀರಿ, ಅದು ಒಳ್ಳೆಯದೇ ಆಯಿತು. ವಾಪಸು ತುಂಬಿಸಿದ ಮೇಲೆ ತಪ್ಪೇನಿದೆ ಎಂಬುದು ನಿಮ್ಮ ಭಾವನೆ. ದಂಡಸಂಹಿತೆಯ ಭಾಷೆ ಹಾಗಿಲ್ಲ: ಇನ್ನೊಬ್ಬರ ಹಣವನ್ನು ಅಪ್ರಾಮಾಣಿಕವಾಗಿ ಬಳಸಿಕೊಂಡದ್ದು ಸ್ವಲ್ಪ ಕಾಲಕ್ಕಾದರೂ ಅದು ದುರುಪಯೋಗವೇ. ನಂಬಿ ಒಪ್ಪಿಸಿದ್ದನ್ನು ಹೀಗೆ ಬಳಸಿಕೊಂಡರೆ ಅದು ನಂಬಿಕೆ ದ್ರೋಹದ ಅಪರಾಧ. ಹಿಂದೆ ಐಪಿಸಿ 406, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 316ನೇ ಸೆಕ್ಷನ್. ಹೊಸ ಕಾನೂನಿನಲ್ಲಿ ಸಾಮಾನ್ಯ ಪ್ರಕರಣಕ್ಕೆ ಐದು ವರ್ಷದವರೆಗೆ ಶಿಕ್ಷೆ ಇದೆ, ಹಿಂದೆ ಮೂರಿತ್ತು. ಹೆದರಿಸಲು ಇದನ್ನು ಹೇಳುತ್ತಿಲ್ಲ. ಅಪ್ರಾಮಾಣಿಕ ಉದ್ದೇಶ ಇತ್ತೆಂದು ಸಾಬೀತಾಗದೆ ಅಪರಾಧವಾಗುವುದಿಲ್ಲ. ಫಸಲಿನ ಹಣದಲ್ಲಿ ತುಂಬಿಸಿದ್ದು ನಿಮ್ಮ ಪರ ನಿಲ್ಲುವ ಸಂಗತಿ. ಆದರೆ ಆ ಉದ್ದೇಶ ಏನಿತ್ತು ಎಂಬುದನ್ನು ಹೊರಗಿನವರು ಅಳೆಯುವುದು ನೀವು ಅದನ್ನು ಮುಚ್ಚಿಟ್ಟಿರೋ, ಹೇಳಿದಿರೋ ಎಂಬುದರಿಂದ. ಲೆಕ್ಕದಲ್ಲಿ ಆ 1.5 ಲಕ್ಷವನ್ನು ತೆಗೆದ ದಿನ, ಮರಳಿಸಿದ ದಿನ ಸಮೇತ ಬರೆಯಿರಿ. ನಡುವಿನ ತಿಂಗಳುಗಳಿಗೆ ಬ್ಯಾಂಕ್ ಬಡ್ಡಿಯನ್ನೂ ಸೇರಿಸಿಕೊಡಿ. ತಮ್ಮ ತಾನಾಗಿ ಕಂಡುಹಿಡಿಯುವ ಮೊದಲು ನೀವೇ ಹೇಳಿದರೆ ಅದರ ಬಣ್ಣವೇ ಬೇರೆ.

ಬಾಡಿಗೆ ನಿಮ್ಮ ಸ್ವಂತ ಖಾತೆಗೆ ಬರುವುದು ಇವತ್ತಿಗೇ ನಿಲ್ಲಬೇಕು. ಅಡಿಕೆ ದುಡ್ಡು, ಬಾಡಿಗೆ ದುಡ್ಡು ಒಂದೇ ಕಡೆ ಬೆರೆತಾಗ ಎಷ್ಟು ನಿಮ್ಮದೆಂದು ತೋರಿಸುವ ಹೊಣೆ ನಿಮ್ಮ ತಲೆಗೆ ಬರುತ್ತದೆ. ಅನಿವಾಸಿಗಳ ಇಲ್ಲಿನ ಬಾಡಿಗೆ ಅವರ ಎನ್‌ಆರ್‌ಒ ಖಾತೆಗೆ (ಅನಿವಾಸಿಗಳ ಭಾರತದ ಆದಾಯಕ್ಕಾಗಿ ಇರುವ ಖಾತೆ) ಹೋಗಬೇಕು. ಜೊತೆಗೆ ತೆರಿಗೆ. ಮಾಲೀಕ ಅನಿವಾಸಿಯಾದರೆ ಬಾಡಿಗೆದಾರರು ಬಾಡಿಗೆಯಲ್ಲಿ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಕಡಿಯಬೇಕು, ಮೊತ್ತ ಸಣ್ಣದು ಎಂಬ ವಿನಾಯಿತಿ ಇಲ್ಲ. ನಿಮ್ಮ ಬಾಡಿಗೆದಾರರಿಗೆ ಮನೆ ನಿಮ್ಮದಲ್ಲ ಎಂಬುದೇ ಗೊತ್ತಿಲ್ಲದಿರಬಹುದು! ಅನಿವಾಸಿಯ ಪರವಾಗಿ ಆದಾಯ ಪಡೆಯುವವರನ್ನೇ ತೆರಿಗೆ ಇಲಾಖೆ ಪ್ರತಿನಿಧಿಯೆಂದು ಹಿಡಿಯಲೂಬಹುದು. ಒಮ್ಮೆ ಒಳ್ಳೆಯ ಆಡಿಟರ್ ಹತ್ತಿರ ಕೂತು ಇದನ್ನು ಸರಿಮಾಡಿಕೊಳ್ಳಿ.

ಈಗ ಸೈಟು. ಜೇನು ಕಿತ್ತವನು ಕೈ ನೆಕ್ಕದೆ ಬಿಡುತ್ತಾನೆಯೇ ಎಂದು ನಮ್ಮಲ್ಲಿ ಗಾದೆಯೇ ಇದೆ. ಏಜೆನ್ಸಿ ಕಾನೂನು ಕೇಳುವುದು ಸರಿಯಾಗಿ ಅದಕ್ಕೆ ತಿರುಗಾದದ್ದನ್ನು: ಕೈಗೆ ಅಂಟಿದ ಜೇನೂ ಯಜಮಾನನದೇ. ಅಧಿಕಾರ ಕೊಟ್ಟವರ ಒಪ್ಪಿಗೆ ಮುಂಚಿತವಾಗಿ ಪಡೆಯದೆ, ತನಗೆ ಗೊತ್ತಿರುವ ಮುಖ್ಯ ಸಂಗತಿಗಳನ್ನೆಲ್ಲ ತಿಳಿಸದೆ, ಏಜೆಂಟ್ ಅದೇ ವ್ಯವಹಾರದಲ್ಲಿ ತಾನೇ ಗಿರಾಕಿಯಾದರೆ ಏನಾಗುತ್ತದೆಂದು 215ನೇ ಸೆಕ್ಷನ್ ಹೇಳುತ್ತದೆ. ಏನನ್ನಾದರೂ ಅಪ್ರಾಮಾಣಿಕವಾಗಿ ಮುಚ್ಚಿಟ್ಟಿದ್ದರೆ, ಅಥವಾ ವ್ಯವಹಾರ ಯಜಮಾನನಿಗೆ ಹಾನಿಯಾಗುವಂತಿದ್ದರೆ, ಅವನು ಅದನ್ನು ತಳ್ಳಿಹಾಕಬಹುದು. 216ರ ಪ್ರಕಾರ, ಅವನಿಗೆ ತಿಳಿಸದೆ ಸ್ವಂತಕ್ಕೆ ಮಾಡಿಕೊಂಡ ವ್ಯವಹಾರದಲ್ಲಿ ನಿಮಗೆ ಬಂದ ಲಾಭವನ್ನೂ ಅವನು ಕೇಳಬಹುದು.

ಕಾಯ್ದೆಯೊಳಗೇ ಇದಕ್ಕೊಂದು ಉದಾಹರಣೆ ಕೊಟ್ಟಿದ್ದಾರೆ, ಇಂದಿಗೂ ಹೊಸದಾಗಿಯೇ ಇದೆ. ಒಬ್ಬ ತನ್ನ ಜಮೀನು ಮಾರಲು ಇನ್ನೊಬ್ಬನಿಗೆ ಹೇಳುತ್ತಾನೆ. ಮಾರುವ ಮೊದಲು ನೋಡಲು ಹೋದ ಏಜೆಂಟನಿಗೆ ಅಲ್ಲೊಂದು ಗಣಿ ಇರುವುದು ಕಾಣುತ್ತದೆ. ಮಾಲೀಕನಿಗೆ ಗೊತ್ತಿಲ್ಲ. ‘ನಾನೇ ಕೊಂಡುಕೊಳ್ಳುತ್ತೇನೆ’ ಎಂದು ಏಜೆಂಟ್ ಮುಚ್ಚುಮರೆಯಿಲ್ಲದೆ ಕೇಳುತ್ತಾನೆ, ಗಣಿಯ ಸುದ್ದಿ ಮಾತ್ರ ಎತ್ತುವುದಿಲ್ಲ. ಮಾಲೀಕ ಒಪ್ಪುತ್ತಾನೆ. ಆಮೇಲೆ ವಿಷಯ ಗೊತ್ತಾದಾಗ ಮಾರಾಟವನ್ನು ಬೇಕಾದರೆ ಉಳಿಸಿಕೊಳ್ಳಬಹುದು, ಬೇಡವಾದರೆ ತಳ್ಳಿಹಾಕಬಹುದು. ಗಮನಿಸಿ, ಇಲ್ಲಿ ಒಪ್ಪಿಗೆ ಇತ್ತು, ಏಜೆಂಟ್ ತಾನೇ ಕೊಳ್ಳುತ್ತಿರುವುದನ್ನೂ ಹೇಳಿದ್ದ. ಅಷ್ಟು ಸಾಲಲಿಲ್ಲ. ಇವತ್ತಿನ ಸೈಟಿನಲ್ಲಿ ಗಣಿ ಇರುವುದಿಲ್ಲ. ಪಕ್ಕದ ರಸ್ತೆ ಅಗಲವಾಗುವ ಸುದ್ದಿ ಇರುತ್ತದೆ, ಎದುರಿನ ಸೈಟು ಹೋದ ತಿಂಗಳು ಎಷ್ಟಕ್ಕೆ ಮಾರಾಟವಾಯಿತು ಎಂಬುದು ಇರುತ್ತದೆ, ಬ್ರೋಕರ್ ಒಬ್ಬ ಹೇಳಿಹೋದ ದರ ಇರುತ್ತದೆ. ಮೈಸೂರಿಗೆ ಹೋಗಿಬರುವವರು ನೀವು, ಇವೆಲ್ಲ ನಿಮಗೆ ಗೊತ್ತು. ಹದಿಮೂರು ಸಾವಿರ ಕಿಲೋಮೀಟರ್ ಆಚೆ ಇರುವವನಿಗೆ ಗೊತ್ತಿಲ್ಲ.

‘ನೀನೇ ನೋಡ್ಕೋ ಅಣ್ಣ’ ಎಂಬ ಮಾತಿಗೆ ‘ನೀನೇ ಇಟ್ಟುಕೋ’ ಎಂಬ ಅರ್ಥ ಬರುವುದಿಲ್ಲ. ಹೆಂಡತಿಯ ಹೆಸರು ಹಾಕಿದರೆ ಬೇರೆ ವ್ಯಕ್ತಿ ಆಯಿತಲ್ಲ ಎಂದರೆ, ಅಂಥ ಪರದೆಯನ್ನು ಸರಿಸಿ ನೋಡುವುದು ನ್ಯಾಯಾಲಯಗಳಿಗೆ ದಿನದ ಕೆಲಸ. ಗೈಡೆನ್ಸ್ ವ್ಯಾಲ್ಯೂ ಇರುವುದು ಮುದ್ರಾಂಕ ಶುಲ್ಕದ ಲೆಕ್ಕಕ್ಕೆ, ಅದು ಮಾರುಕಟ್ಟೆ ಬೆಲೆಯಲ್ಲ. ನಂಬಿಕೆಯ ಸ್ಥಾನದಲ್ಲಿರುವವರು ನಂಬಿದವರ ಜೊತೆ ಮಾಡಿದ ವ್ಯವಹಾರ ಪ್ರಾಮಾಣಿಕವೇ ಎಂಬ ಪ್ರಶ್ನೆ ಎದ್ದರೆ, ಸಾಬೀತು ಮಾಡುವ ಹೊಣೆ ನಂಬಿಕೆ ಪಡೆದವರದು ಎಂದು ಸಾಕ್ಷ್ಯ ಕಾನೂನು ಹೇಳುತ್ತದೆ. ತಮ್ಮ ಮೋಸವಾಯಿತೆಂದು ತೋರಿಸಬೇಕಿಲ್ಲ, ನೀವೇ ಮೋಸ ಮಾಡಿಲ್ಲವೆಂದು ತೋರಿಸಬೇಕು. ಇನ್ನು ಗುಟ್ಟಾಗಿ ಉಳಿಯುತ್ತದೆ ಎನ್ನುವ ಕಾಲವೂ ಹೋಯಿತು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದರೆ ಕ್ರಯಪತ್ರ ಕಣ್ಣೆದುರಿಗೇ ಇರುತ್ತದೆ. ಅದು ಗೊತ್ತಾದ ದಿನದಿಂದ ಪತ್ರ ರದ್ದತಿಗೆ ದಾವೆ ಹೂಡಲು ಅವನಿಗೆ ಮೂರು ವರ್ಷ ಇದೆ.

ಪತ್ರ ಬರೆಯುವವರ ಬಗ್ಗೆ ನನಗೆ ಗೌರವವಿದೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಯಾವ ಕಾಗದ ಪಾಸಾಗುತ್ತದೆ ಎಂಬುದು ಅವರಿಗೆ ಅಂಗೈ ನೆಲ್ಲಿಕಾಯಿ. ನೋಂದಣಿ ಆಗುವುದು ಬೇರೆ, ಮುಂದೆ ನ್ಯಾಯಾಲಯದಲ್ಲಿ ನಿಲ್ಲುವುದು ಬೇರೆ.

ಸೈಟು ನಿಮಗೆ ನಿಜವಾಗಿ ಬೇಕಿದ್ದರೆ ನೇರವಾಗಿ ಕೊಳ್ಳಿ, ಅದರಲ್ಲಿ ತಪ್ಪಿಲ್ಲ. ‘ಸೈಟನ್ನು ನಾನೇ ಕೊಳ್ಳಬೇಕೆಂದಿದ್ದೇನೆ’ ಎಂದು ತಮ್ಮನಿಗೆ ಇಮೇಲ್ ಬರೆಯಿರಿ. ಸುತ್ತಲಿನ ಇತ್ತೀಚಿನ ಮಾರಾಟದ ದರ, ಬ್ರೋಕರ್‌ಗಳು ಹೇಳಿದ ಬೆಲೆ, ನಿಮಗೆ ಗೊತ್ತಿರುವ ರಸ್ತೆ, ಬಡಾವಣೆಯ ಸುದ್ದಿ ಎಲ್ಲವನ್ನೂ ಅದರಲ್ಲಿ ಹಾಕಿ. ಬೇರೆಯವರಿಂದ ವಿಚಾರಿಸಿಕೋ ಎಂದು ಹೇಳಿ, ಅದಕ್ಕೆ ಸಮಯ ಕೊಡಿ. ಅವನು ಬೆಲೆ ಒಪ್ಪಿ ಲಿಖಿತವಾಗಿ ಉತ್ತರಿಸಿದ ಮೇಲೆ ಕ್ರಯಪತ್ರಕ್ಕೆ ನೀವು ಅವನ ಪರ ಸಹಿ ಹಾಕಬೇಡಿ. ಊರಿಗೆ ಬಂದಾಗ ಅವನೇ ಹಾಕಲಿ. ಬರಲಾಗದಿದ್ದರೆ ಅವನು ನಂಬುವ ಮೂರನೆಯವರಿಗೆ, ಇಂಥ ಸೈಟನ್ನು ಇಂಥವರಿಗೆ ಇಷ್ಟು ಬೆಲೆಗೆ ಮಾರಲು ಎಂದಷ್ಟೇ ಬರೆದ ವಿಶೇಷ ಅಧಿಕಾರ ಪತ್ರವನ್ನು ಕಾನ್ಸುಲೇಟಿನಲ್ಲಿ ಮಾಡಿ ಕಳಿಸಲಿ. ವಿದೇಶದಿಂದ ಬಂದ ಅಂಥ ಪತ್ರಕ್ಕೆ ಕರ್ನಾಟಕ ತಲುಪಿದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಬೇಕು. ಕೊಟ್ಟವರ ರಕ್ತಸಂಬಂಧಿಯಲ್ಲದವರಿಗೆ ಮಾರಾಟದ ಅಧಿಕಾರ ಕೊಟ್ಟರೆ ಶುಲ್ಕ ಆಸ್ತಿಯ ಬೆಲೆಯ ಮೇಲೆ ಬೀಳುವ ಸಂಭವ ಇರುವುದರಿಂದ ಮೊದಲೇ ವಿಚಾರಿಸಿ. ಆ ದೃಷ್ಟಿಯಿಂದ ನಿಮ್ಮ ತಂಗಿಯೇ ಆ ಮೂರನೆಯವರಾದರೆ ಅನುಕೂಲ. ಹಣ ಬ್ಯಾಂಕ್ ಮೂಲಕವೇ ಅವನ ಎನ್‌ಆರ್‌ಒ ಖಾತೆಗೆ ಹೋಗಲಿ. ಮಾರುವವನು ಅನಿವಾಸಿ ಆಗಿರುವುದರಿಂದ, ಇಲ್ಲಿರುವವರಿಂದ 50 ಲಕ್ಷ ಮತ್ತು ಮೇಲ್ಪಟ್ಟ ಆಸ್ತಿ ಕೊಂಡಾಗ ಕಡಿಯುವ ಒಂದು ಪರ್ಸೆಂಟ್ ಟಿಡಿಎಸ್ ನಿಯಮ ನಿಮಗೆ ಅನ್ವಯಿಸುವುದಿಲ್ಲ. ಅನಿವಾಸಿಯ ದರ ಬಹಳ ಹೆಚ್ಚು, ಕಡಿಯದಿದ್ದರೆ ಕೊಂಡವರಾದ ನೀವೇ ಹೊಣೆ. ಕಡಿಮೆ ದರದ ಪ್ರಮಾಣಪತ್ರಕ್ಕೆ ತಮ್ಮ ಮೊದಲೇ ಅರ್ಜಿ ಹಾಕಿಕೊಳ್ಳಬಹುದು.

ಇಷ್ಟೆಲ್ಲ ಮಾಡಿದರೆ ಸೈಟು ಬಹುಶಃ ನೀವು ಅಂದುಕೊಂಡಷ್ಟು ಅಗ್ಗಕ್ಕೆ ಸಿಗುವುದಿಲ್ಲ. ಕೈಗೆಟುಕದಿದ್ದರೆ ಹೊರಗಿನವರಿಗೆ ಮಾರಿಕೊಡಿ, ಬ್ರೋಕರ್ ನಿಮ್ಮ ಕೈಗೆ ಪ್ರತ್ಯೇಕವಾಗಿ ಏನಾದರೂ ಕೊಟ್ಟರೆ ಅದನ್ನೂ ಲೆಕ್ಕದಲ್ಲಿ ತೋರಿಸಿ.

ಜಿಪಿಎ ರದ್ದು ಮಾಡಲು ಬರುವುದಿಲ್ಲ ಎಂಬ ಮಾತಿಗೆ ಒಂದು ಎಳೆಯಷ್ಟು ಆಧಾರವಿದೆ. ಏಜೆನ್ಸಿಯ ವಸ್ತುವಿನಲ್ಲೇ ಏಜೆಂಟನಿಗೆ ಹಿತಾಸಕ್ತಿ ಇದ್ದರೆ ಅವನಿಗೆ ನಷ್ಟವಾಗುವಂತೆ ಅಧಿಕಾರ ಹಿಂತೆಗೆಯಲು ಬರುವುದಿಲ್ಲ ಎನ್ನುತ್ತದೆ 202ನೇ ಸೆಕ್ಷನ್. ಜಮೀನು ಮಾರಿ, ಬಂದ ಹಣದಲ್ಲಿ ನನ್ನಿಂದ ನಿನಗೆ ಬರಬೇಕಾದ ಸಾಲ ಹಿಡಿದುಕೋ ಎಂದು ಬರೆದುಕೊಟ್ಟ ಅಧಿಕಾರ ಅಂಥದ್ದು. ನಿಮ್ಮ ಜಿಪಿಎ ಆಸ್ತಿ ನೋಡಿಕೊಳ್ಳಲು ಕೊಟ್ಟದ್ದು. ಆಮೇಲೆ ಕಟ್ಟಿಸಿದ ಗೋಡೆ ನಿಮಗೆ ಖರ್ಚು ವಾಪಸು ಕೇಳುವ ಹಕ್ಕು ಕೊಡುತ್ತದೆ, ಸೈಟಿನಲ್ಲಿ ಪಾಲು ಕೊಡುವುದಿಲ್ಲ.

ತಮ್ಮ ರದ್ದು ಮಾಡುವುದಾದರೆ ನಿಮಗೆ ತಿಳಿಸಬೇಕು. ನಿಮ್ಮ ಮಟ್ಟಿಗೆ ಅದು ಜಾರಿಗೆ ಬರುವುದು ನಿಮಗೆ ತಿಳಿದಾಗ, ಹೊರಗಿನವರ ಮಟ್ಟಿಗೆ ಅವರಿಗೆ ತಿಳಿದಾಗ. ರದ್ದತಿ ಪತ್ರ ನೋಂದಣಿ ಮಾಡಿಸಿ ಪೇಪರಿನಲ್ಲಿ ಪ್ರಕಟಣೆ ಕೊಡುವುದು ಇದಕ್ಕಾಗಿಯೇ. ಪ್ರಕಟಣೆಯಲ್ಲಿ ನಿಮ್ಮ ಹೆಸರು ನೋಡಿ ಊರಿನಲ್ಲಿ ಮರ್ಯಾದೆ ಹೋಯಿತೆಂದು ಕೊರಗಬೇಡಿ, ಅದು ಕಾನೂನಿನ ಕ್ರಮ. ಸುದ್ದಿ ತಿಳಿದ ಮೇಲೆ ಒಂದು ಬಾಡಿಗೆ ರಸೀದಿಗೂ ಸಹಿ ಹಾಕಬೇಡಿ. ಮೂಲಪತ್ರಗಳು, ಕೀಲಿಕೈ, ಬಾಡಿಗೆದಾರರ ಅಡ್ವಾನ್ಸ್ ಹಣ ಇವನ್ನು ಪಟ್ಟಿ ಮಾಡಿ ಒಪ್ಪಿಸಿ ಸ್ವೀಕೃತಿ ಪಡೆಯಿರಿ. ನಿಮಗೆ ಬರಬೇಕಾದ ಖರ್ಚು ತೀರುವವರೆಗೆ ಕಾಗದಪತ್ರ ಹಿಡಿದಿಟ್ಟುಕೊಳ್ಳುವ ಹಕ್ಕು 221ನೇ ಸೆಕ್ಷನ್‌ನಲ್ಲಿದೆ. ಅಣ್ಣತಮ್ಮಂದಿರ ನಡುವೆ ಅದನ್ನು ಚಲಾಯಿಸುವುದು ಬೆಂಕಿಗೆ ತುಪ್ಪ ಸುರಿದಂತೆ, ನಾನಾಗಿ ಸಲಹೆ ಕೊಡುವುದಿಲ್ಲ.

ಲೆಕ್ಕ ಕೊಟ್ಟ ಮೇಲೂ ಕೆಲವು ಅಂಕಿಗಳಿಗೆ ತಮ್ಮ ತಕರಾರು ತೆಗೆಯಬಹುದು, ವಿಶೇಷವಾಗಿ ಬಿಲ್ಲಿಲ್ಲದ ಕಡೆ. ಅಷ್ಟಕ್ಕೆ ದಾವೆಯವರೆಗೆ ಹೋಗಬೇಕಾಗಿಲ್ಲ. ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟರೆ ದಾವೆಗೆ ಮೊದಲೇ ರಾಜಿಗೆ ಕೂರಿಸುತ್ತಾರೆ. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಸಿವಿಲ್ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ. ಅಲ್ಲಿ ಹಳೇ ಲೆಕ್ಕ ಚುಕ್ತಾ ಆದ ಮೇಲೆ, ನೀವೇ ಮುಂದುವರಿಯುವುದಾದರೆ ಹೊಸ ಜಿಪಿಎ ಮಾಡಿಸಿಕೊಳ್ಳಿ: ಮಾರಾಟದ ಅಧಿಕಾರ ತೆಗೆದು, ಬಾಡಿಗೆ ಮತ್ತು ರಿಪೇರಿಗೆ ಮಾತ್ರ, ಇಂತಿಷ್ಟು ಮೊತ್ತದ ಮೇಲಿನ ಖರ್ಚಿಗೆ ಅವನ ಒಪ್ಪಿಗೆ ಬೇಕೆಂದು, ಏಪ್ರಿಲ್‌ನಲ್ಲಿ ವರ್ಷಕ್ಕೊಮ್ಮೆ ಲೆಕ್ಕವೆಂದು. ನಿಮ್ಮ ಓಡಾಟಕ್ಕೆ ತಿಂಗಳಿಗಿಷ್ಟು ಎಂದು ಸಂಬಳವನ್ನೂ ಬರೆಸಿ, ಈ ಸಲ ಬೇಡವೆನ್ನಬೇಡಿ.